ಕಡಲನ್ನು ಮತ್ತೆ ಯಾವಾಗ ಜೋಡಿಸುತ್ತೀರಿ?

ಬಿಯಾರಿತ್ಸ್, ಫ್ರಾನ್ಸಿನ ಅಟ್ಲಾಂಟಿಕ್ ದಂಡೆಯ ಊರು. 1950ರ ದಶಕದಲ್ಲಿ ಜಾಕ್ ಫಾಬ್ರಿಯ ನಾಟಕ ತಂಡ ಅಲ್ಲಿಗೆ ಹೋಗಿದ್ದಾಗ ದಢೂತಿ ನಟನೊಬ್ಬ ಕಡಲು ನೋಡಬೇಕೆಂದು ಮಾಣಿಗೆ ಹೇಳಿದ. ಅಲೆಗಳ ಅಬ್ಬರ ಜೋರಾಗಿತ್ತು. ‘ಕಡಲು ದೆಮೋಂತೆ’ ಅಂದ ಮಾಣಿ. ಫ್ರೆಂಚಿನಲ್ಲಿ ರೊಚ್ಚಿಗೆದ್ದ ಸಮುದ್ರಕ್ಕೂ, ಭಾಗಭಾಗವಾಗಿ ಬಿಚ್ಚಿಟ್ಟ ಯಂತ್ರಕ್ಕೂ ಅದೇ ಪದ. ನಟ ಕೇಳಿದ: ‘ಮತ್ತೆ ಯಾವಾಗ ಜೋಡಿಸುತ್ತೀರಿ?’

ಆ ನಟ ರೇಮೋಂ ದೆವೋಸ್. ಅವನ ಏಕವ್ಯಕ್ತಿ ಹಾಸ್ಯ ಹುಟ್ಟಿದ ಬಗೆ ಇದು. ಹೇಳಿದವನು ಅವನೇ, ಹೇಳಿ ಹೇಳಿ ಕತೆಗೆ ತುಸು ಹೊಳಪು ಬಂದಿದ್ದರೂ ಆಶ್ಚರ್ಯವಿಲ್ಲ.

ಸೋಜಿಗವೆಂದರೆ, ಅದಕ್ಕೂ ಮೊದಲು ಅವನು ಬಾಯಿ ಮುಚ್ಚಿಕೊಂಡು ನಟಿಸುವುದನ್ನು ಕಲಿತಿದ್ದ. 1922ರಲ್ಲಿ ಬೆಲ್ಜಿಯಂನ ಗಡಿಯೂರು ಮುಸ್ಕ್ರೋಂನಲ್ಲಿ ಫ್ರೆಂಚ್ ದಂಪತಿಗೆ ಹುಟ್ಟಿದ. ಮನೆಯಲ್ಲಿ ಸಂಗೀತವಿತ್ತು, ಆಮೇಲೆ ದುಡ್ಡು ಉಳಿಯಲಿಲ್ಲ. 13ಕ್ಕೇ ಶಾಲೆ ಬಿಟ್ಟು ಸಿಕ್ಕಿದ ಕೆಲಸ ಮಾಡಿದ. ಪ್ಯಾರಿಸ್ಸಿನ ಸಗಟು ಮಾರುಕಟ್ಟೆಯಲ್ಲಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದೂ ಅದರಲ್ಲೊಂದು. ಯುದ್ಧಕಾಲದಲ್ಲಿ ಜರ್ಮನಿಯಲ್ಲಿ ಕಡ್ಡಾಯ ದುಡಿಮೆ. ಮರಳಿದ ಮೇಲೆ ಮೂಕಾಭಿನಯದ ಗುರು ಎತಿಯೆನ್ ದೆಕ್ರೂ ಬಳಿ ಸೇರಿದ. ಮಾರ್ಸೆಲ್ ಮಾರ್ಸೊ ಕೂಡ ಅಲ್ಲಿಯ ಶಿಷ್ಯನೇ.

ಈ ತಾಲೀಮು ವ್ಯರ್ಥವಾಗಲಿಲ್ಲ. ದೆವೋಸ್‌ನನ್ನು ಬರೀ ಶ್ಲೇಷೆಗಾರ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಶ್ಲೇಷೆ ಅವನಿಗೆ ಬಾಗಿಲು ಮಾತ್ರ. ಕಾಂ ಎಂಬುದು ನಾರ್ಮಂಡಿಯ ಊರು; ಉಚ್ಚಾರದಲ್ಲಿ ‘ಯಾವಾಗ’ ಎಂಬ ಪ್ರಶ್ನೆಯೂ ಹೌದು. ಆ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಹೊರಟವನು ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾನೆ. ಇನ್ನೊಂದು ಪ್ರಹಸನದಲ್ಲಿ ಪದದಾಟಕ್ಕಿಂತ ಕಾನೂನಿನ ಆಟವೇ ಜಾಸ್ತಿ: ವೃತ್ತವೊಂದಕ್ಕೆ ಕಾರು ನುಗ್ಗಿಸಿದರೆ ಹೊರಹೋಗುವ ಪ್ರತಿ ರಸ್ತೆಗೂ ‘ಪ್ರವೇಶವಿಲ್ಲ’ ಫಲಕ. ನಿಯಮ ಮುರಿಯುವಂತಿಲ್ಲ, ಸುತ್ತುತ್ತಲೇ ಇರಬೇಕು. ಇದನ್ನೆಲ್ಲ ನಂಬಿಸಲು ಭಾರಿ ದೇಹವೊಂದು ಗಾಬರಿಯಾಗಬೇಕು, ಬೆವರಬೇಕು. ಧ್ವನಿಮುದ್ರಿಕೆಯಲ್ಲಿ ಅರ್ಧ ದೆವೋಸ್ ಕಳೆದುಹೋಗುತ್ತಾನೆ.

ಗಾಯಕ ಮೋರಿಸ್ ಶೆವಾಲಿಯೆಯ ಪ್ರದರ್ಶನಕ್ಕೆ ಮುನ್ನ ಪ್ಯಾರಿಸ್ಸಿನ ಆಲಾಂಬ್ರಾ ರಂಗಮಂದಿರದಲ್ಲಿ ಅವಕಾಶ ಸಿಕ್ಕಿತು, ಹೆಸರೂ ಬಂತು. ಮಾತಿನ ನಡುವೆ ಪಿಯಾನೊ, ಹಾರ್ಪ್, ಕ್ಲಾರಿನೆಟ್ ನುಡಿಸುತ್ತ, 2006ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷಗಳ ಹಿಂದಿನವರೆಗೂ ರಂಗದ ಮೇಲಿದ್ದ.

ಅವನನ್ನು ಮೊದಲ ಸಲ ನೋಡುವವರು ನಿರ್ದೇಶಕ ಗೊದಾರ್‌ನ 1965ರ ‘ಪಿಯೆರೊ ಲ ಫೂ’ ಚಿತ್ರದಿಂದ ಆರಂಭಿಸಬಹುದು. ಬಂದರುಕಟ್ಟೆಯಲ್ಲಿ ಕೂತ ದೆವೋಸ್‌ಗೆ ಯಾವುದೋ ರಾಗ ಕೇಳಿಸುತ್ತಿದೆ. ಕೈಯಾಡಿಸುತ್ತ ತನ್ನ ಹಳೆಯ ಪ್ರೇಮಗಳ ಕತೆ ಬಿಚ್ಚುತ್ತಾನೆ. ಚಿತ್ರದ ನಾಯಕ ಬೆಲ್ಮೊಂಡೊಗೆ ಏನೂ ಕೇಳಿಸದು. ಹಾಗಾದರೆ ನನಗೆ ಹುಚ್ಚು ಎಂದು ನೇರವಾಗಿ ಹೇಳಿಬಿಡು ಅನ್ನುತ್ತಾನೆ ದೆವೋಸ್. ಹೌದು, ಹುಚ್ಚೇ ಅನ್ನುತ್ತಾನೆ ಬೆಲ್ಮೊಂಡೊ. ಅದೇ ವಾಸಿ ಎಂದು ದೆವೋಸ್‌ಗೆ ಸಮಾಧಾನ.