ದಂಪತಿಗಳ ಮೊದಲ ಭೇಟಿ

ಹೊಸ ಅಗ್ರಹಾರದ ಕಡೆಯ ಗ್ರಾಮಗಳಲ್ಲಿ ಗಂಡಹೆಂಡಿರ ಕಲಹವು ಜಗಲಿಗೆ ಬಂದರೆ ಏನಾಗುವುದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಹಿರಿಯರು ಕಂಬಕ್ಕೊರಗಿ ಕುಳಿತು ಮೊದಲು ಕೇಳುವುದು ‘ತಪ್ಪು ಯಾರದು?’ ಎಂದು. ಸಂಜೆಯೊಳಗಾಗಿ ತೀರ್ಪಾಗುತ್ತದೆ, ಸೊಸೆಗೆ ಬುದ್ಧಿ ಹೇಳಿ ಗಂಡನ ಮನೆಗೆ ಕಳುಹಿಸುವುದೂ ಆಗುತ್ತದೆ. ಇಂದು ಇಂತಹ ಕಲಹಗಳು ಮೈಸೂರಿನ ಕೌಟುಂಬಿಕ ನ್ಯಾಯಾಲಯದವರೆಗೂ, ಆಪ್ತಸಮಾಲೋಚಕರ ಕೊಠಡಿಯವರೆಗೂ ಬರುತ್ತಿವೆ. 1984ರ ಕೌಟುಂಬಿಕ ನ್ಯಾಯಾಲಯಗಳ ಶಾಸನದ 9ನೆಯ ಕಲಮು, ವ್ಯಾಜ್ಯದ ಸ್ವರೂಪಕ್ಕೆ ಹೊಂದುವ ಮಟ್ಟಿಗೆ, ಮೊದಲು ರಾಜಿಗೆ ಯತ್ನಿಸತಕ್ಕದ್ದೆಂದು ವಿಧಿಸಿದೆ. 6ನೆಯ ಕಲಮಿನಲ್ಲಿ ಸಮಾಲೋಚಕರಿಗೆ ಸ್ಥಾನವಿದೆ. ಶಾಸನವೇನೋ ಒಳ್ಳೆಯದೇ. ಆದರೆ ಜಗಲಿಯ ನ್ಯಾಯವೇ ಮೇಜುಕುರ್ಚಿಗಳ ನಡುವೆ ಬಂದು ಕುಳಿತರೆ ಫಲವೇನು?

ನಮ್ಮ ಅಭಿಪ್ರಾಯದಲ್ಲಿ ಮೊದಲ ದಿನ ತೀರ್ಪಿನ ಗೊಡವೆಯೇ ಬೇಡ. ಇಬ್ಬರಿಗೂ ತಮ್ಮ ಮಾತು ಕಿವಿಗೆ ಬಿದ್ದಿತೆಂಬ ನಂಬಿಕೆ ಹುಟ್ಟಿದರೆ ಆ ದಿನಕ್ಕೆ ಅಷ್ಟು ಸಾಕು. ಈ ನಂಬಿಕೆ ಮೊದಲ ಸಂಬೋಧನೆಯಲ್ಲಿಯೇ ಮುರಿಯಬಲ್ಲದು. ಗಂಡನನ್ನು ‘ನೀವು ಹೇಳಿ ಸ್ವಾಮಿ’ ಎಂದು, ಅವನ ಹೆಂಡತಿಯನ್ನು ‘ನೀನೇನಮ್ಮ ಹೇಳ್ತೀಯ?’ ಎಂದು ಕೇಳುವುದು ನಮ್ಮ ಕಚೇರಿಗಳ ವಾಡಿಕೆ. ಕೇಳುವವರಿಗೆ ಅದರಲ್ಲಿ ದುರುದ್ದೇಶವಿರದು, ವಾತ್ಸಲ್ಯವೇ ಇದ್ದೀತು. ಆದರೂ ಆ ಬಹುವಚನ ಏಕವಚನಗಳಲ್ಲಿಯೇ ತೀರ್ಪು ಹೊರಬಿದ್ದಿತೆಂದು ಆಕೆ ತಿಳಿದರೆ ಆಕೆಯನ್ನು ದೂರುವಂತಿಲ್ಲ. ‘ತಪ್ಪು ಯಾರದು?’ ಎಂಬುದರ ಬದಲು ‘ಇಲ್ಲಿಗೆ ಬರಬೇಕೆಂದು ಮೊದಲು ಯಾರಿಗೆ ತೋಚಿತು? ಇನ್ನೊಬ್ಬರು ಒಪ್ಪಿದ್ದು ಹೇಗೆ?’ ಎಂದು ಕೇಳಿದರೆ ಮಾತು ಬೇರೆಯ ದಾರಿ ಹಿಡಿಯುತ್ತದೆ. ಜೊತೆಯಲ್ಲಿ ಬಂದ ಅತ್ತೆ, ಸೋದರಮಾವಂದಿರಿಗೆ ಹೊರಗೆ ಬೆಂಚು ಹಾಕಿಸುವುದು ಲೇಸು. ಅವರ ಸರದಿ ಮುಂದೆ ಬಂದೀತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಪದ್ಧತಿಯಲ್ಲಿ, ದಂಪತಿಗಳನ್ನು ಮೊದಲು ಜೊತೆಯಾಗಿ ಕಂಡು ಅನಂತರ ಒಬ್ಬೊಬ್ಬರನ್ನೇ ಕಾಣುವ ಕ್ರಮವಿದೆ. ನಮ್ಮಲ್ಲಿ ಈ ಪ್ರತ್ಯೇಕ ಮಾತನ್ನು ಮೊದಲ ದಿನವೇ, ಹತ್ತು ನಿಮಿಷದ ಮಟ್ಟಿಗಾದರೂ, ಇಟ್ಟುಕೊಳ್ಳುವುದು ಅವಶ್ಯ. ಗಂಡನ ಪಕ್ಕದಲ್ಲಿ ಕುಳಿತು ‘ಹೊಡೆಯುತ್ತಾನೆ’ ಎಂದು ಹೇಳುವ ಧೈರ್ಯ ಎಷ್ಟು ಮಂದಿಗಿದ್ದೀತು? ಏಕಾಂತದಲ್ಲಿ ಹೇಳಿದ್ದು ಯಾರಿಗೆ ತಲಪುವುದು, ಯಾರಿಗೆ ತಲಪದು ಎಂಬುದನ್ನು ಇಬ್ಬರಿಗೂ ಮುಂಚಿತವಾಗಿಯೇ ತಿಳಿಸಿರಬೇಕು.

ಗೃಹಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಶಾಸನದ 14ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು ಸಮಾಲೋಚನೆಯನ್ನು ಒಬ್ಬೊಬ್ಬರಿಗೂ, ಜೊತೆಯಾಗಿಯೂ ವಿಧಿಸಬಹುದು. ಅದರ 2006ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಸಮಾಲೋಚನೆಯಲ್ಲಿ ಪ್ರತಿವಾದಿಯು ಹಿಂಸೆಗೆ ಸಮರ್ಥನೆ ಹೇಳಕೂಡದು. ಇದನ್ನು ಆರಂಭಕ್ಕೆ ಮುನ್ನವೇ ಅವನಿಗೆ ತಿಳಿಸತಕ್ಕದ್ದು. ‘ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅದಕ್ಕೆ ಕೈಯೆತ್ತಿದೆ’ ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ಜಗಲಿಯಲ್ಲಿ ಈ ವಾದವನ್ನು ತಲೆದೂಗಿ ಕೇಳಿದವರಿಗೆ ಇದು ಹೊಸ ಪಾಠ.

ಏಕಾಂತದಲ್ಲಿ ಆಕೆ ಭಯವನ್ನು ಬಾಯಿಬಿಟ್ಟು ಹೇಳಿದಳೆನ್ನಿ. ಆಗ ರಾಜಿಯ ಮಾತನ್ನು ಬದಿಗಿಟ್ಟು ಸಂರಕ್ಷಣಾಧಿಕಾರಿಗಳ ಸಹಾಯದ ಹಾದಿಯನ್ನು ತಿಳಿಸತಕ್ಕದ್ದು. ಆ ರಾತ್ರಿ ಎಲ್ಲಿ ತಂಗುವಳೆಂಬುದನ್ನು ಕೇಳಿ ಅರಿಯದೆ, ಬಂದ ಬಸ್ಸಿನಲ್ಲಿಯೇ ಅವನ ಜೊತೆ ಆಕೆಯನ್ನು ಊರಿಗೆ ಹತ್ತಿಸಿ ಕಳುಹಿಸಕೂಡದು.