ಆನೆಯ ಕಾಸು: ಮಂಡ್ಯ ಸೀಮೆಯ ಹಳೆಯ ನಾಣ್ಯಗಳ ಪರೀಕ್ಷೆ ಮತ್ತು ಮಾರಾಟ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವವರ ಬಳಿಗೆ ವಿದ್ಯಾರ್ಥಿಗಳು ಆಗಾಗ ಹಳೆಯ ಕಾಸುಗಳನ್ನು ತರುವುದುಂಟು. ಅಜ್ಜಿಯ ಪೆಟ್ಟಿಗೆಯಲ್ಲಿದ್ದುದು, ಮನೆಯ ತಳಪಾಯ ತೆಗೆಯುವಾಗ ಸಿಕ್ಕಿದುದು, ಶ್ರೀರಂಗಪಟ್ಟಣದಲ್ಲಿ ಯಾರಿಂದಲೋ ಕೊಂಡುದು, ಹೀಗೆ ಅವು ಬರುವ ದಾರಿ ಹಲವು. ಅವರ ಮೊದಲ ಪ್ರಶ್ನೆ ಮಾತ್ರ ಒಂದೇ: ಇದಕ್ಕೆ ಎಷ್ಟು ಬೆಲೆ ಬಂದೀತು? ಕಾಸಿನ ಮೇಲೆ ಆನೆಯಿದ್ದರೆ ಅದು ಟಿಪ್ಪು ಸುಲ್ತಾನನದು, ಟಿಪ್ಪುವಿನದಾದರೆ ಲಕ್ಷಗಟ್ಟಲೆ ಬಾಳುವುದು ಎಂಬ ನಂಬಿಕೆ ಈ ಭಾಗದಲ್ಲಿ ಬೇರೂರಿದೆ. ಈ ನಂಬಿಕೆಯ ಎರಡು ಅರ್ಧಗಳೂ ತಪ್ಪು. ಆದರೂ ಅದನ್ನೇ ನೆಚ್ಚಿ ಹಣ ಕಳೆದುಕೊಳ್ಳುವವರು ಇರುವುದರಿಂದ, ಈ ವಿಷಯವನ್ನು ಕುತೂಹಲದ ಮಾತೆಂದು ಬಿಟ್ಟುಬಿಡುವುದು ಸಲ್ಲದೆಂದು ನಮಗೆ ತೋರುತ್ತದೆ.

ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣವು ದೊಡ್ಡದೊಂದು ಟಂಕಸಾಲೆಯ ಸ್ಥಳ. ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅಲ್ಲಿನ ನಾಯಕರ ಶಿವಪಾರ್ವತಿಯರ ವರಹವನ್ನೇ ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಇಡಿಸಿದನು. ಟಿಪ್ಪುವಿನ ಕಾಲದಲ್ಲಿ ನಾಣ್ಯಗಳ ಬಗೆಗಳೂ ಟಂಕಸಾಲೆಗಳೂ ಬಹಳವಾಗಿ ಹೆಚ್ಚಿದುವು. ಎರಡು ರೂಪಾಯಿಯ ಬೆಳ್ಳಿನಾಣ್ಯಕ್ಕೆ ಹೈದರಿ, ರೂಪಾಯಿಗೆ ಇಮಾಮಿ, ಚಿನ್ನದ ಮೊಹರಿಗೆ ಅಹ್ಮದಿ, ವರಹಕ್ಕೆ ಫಾರೂಕಿ, ತಾಮ್ರದ ಪೈಸೆಗೆ ಜೋಹ್ರಾ ಎಂದು ಅವನು ಹೆಸರಿಟ್ಟನು. ಪಟನ್ ಎಂದು ನಾಣ್ಯಗಳಲ್ಲಿ ಕಾಣುವುದು ಶ್ರೀರಂಗಪಟ್ಟಣವೇ. ನಗರ, ಬೆಂಗಳೂರು, ಫರ್ರುಖ್‌ಯಾಬ್ ಹಿಸಾರ್ ಎನಿಸಿಕೊಂಡ ಚಿತ್ರದುರ್ಗ ಮೊದಲಾದೆಡೆಗಳಲ್ಲಿಯೂ ಟಂಕಿಸುತ್ತಿದ್ದರು. ತಾಮ್ರದ ಕಾಸುಗಳ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರು. ಪಟನ್ ಪೈಸೆಗಳು ಅಪಾರ ಸಂಖ್ಯೆಯಲ್ಲಿ ಹೊರಬಿದ್ದುದರಿಂದ ಈಗಲೂ ಸುಲಭವಾಗಿ ದೊರೆಯುತ್ತವೆ. ಅಪರೂಪದ ಟಂಕಸಾಲೆಯ ಪೈಸೆಯೊಂದು ಸಾಮಾನ್ಯವಾದ ಪಟನ್ ಪೈಸೆಗಿಂತ ಹಲವು ಪಟ್ಟು ಬೆಲೆ ಬಾಳುವುದು. ಬೆಲೆಯನ್ನು ನಿರ್ಣಯಿಸುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಎಷ್ಟು ಮಂದಿ ಬಯಸುತ್ತಾರೆ, ಅಕ್ಷರಗಳು ಎಷ್ಟು ಸ್ಪಷ್ಟವಾಗಿವೆ ಎಂಬುದು.

ಆನೆಯು ಟಿಪ್ಪುವಿನೊಂದಿಗೆ ಮುಗಿಯಲೂ ಇಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊರಟ ತಾಮ್ರದ ಕಾಸುಗಳಲ್ಲಿಯೂ ಆನೆಯೇ ನಿಂತಿದೆ. ಮೇಲೆ ಸೂರ್ಯಚಂದ್ರರು, ಕೆಲವುಗಳಲ್ಲಿ ಕನ್ನಡದ ‘ಶ್ರೀ’ ಅಥವಾ ‘ಚಾಮುಂಡಿ’ ಎಂಬ ಅಕ್ಷರಗಳು. ಮುಂದೆ ಆನೆಯ ಸ್ಥಾನಕ್ಕೆ ಸಿಂಹ ಬಂದಿತು. ಇವುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರು ಲಿಪಿಗಳೂ ಕೂಡಿ ಬರುವುದುಂಟು. ಕನ್ನಡದ ಅಕ್ಷರವನ್ನು ಕೈಯಲ್ಲಿ ಹಿಡಿದುಕೊಂಡೇ ಟಿಪ್ಪುವಿನ ಕಾಸೆಂದು ವಾದಿಸುವವರಿದ್ದಾರೆ. ಆನೆಯನ್ನು ಕಂಡವರು ಅಕ್ಷರವನ್ನು ಕಾಣರು!

ಇನ್ನು ಸಾಚಾತನದ ಪರೀಕ್ಷೆ. ಟಿಪ್ಪುವಿನ ನಾಣ್ಯಗಳಿಗೆ ಅನ್ವಯಿಸುವ ಒಂದು ಗುರುತು ಸ್ವಾರಸ್ಯವಾದುದು. ಅವನ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ಶಕೆಯ 1197ರಿಂದ 1200ರವರೆಗಿನ ವರ್ಷಗಳನ್ನು ವಾಡಿಕೆಯಂತೆ ಎಡದಿಂದ ಬಲಕ್ಕೆ ಬರೆದಿದೆ. 1787ರಲ್ಲಿ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ತಂದನು. ವರ್ಷವು 1200ರಿಂದ 1201ಕ್ಕೆ ಹೋಗದೆ 1215ಕ್ಕೆ ಹಾರಿತು. ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಯಲಾರಂಭಿಸಿದರು. ಮೌಲೂದಿ 1217 ನಮ್ಮ ಕಣ್ಣಿಗೆ 7121 ಎಂದು ಕಾಣುತ್ತದೆ. ಈ ಕ್ರಮವನ್ನರಿಯದ ನಕಲುಗಾರನು ಅಂಕೆಗಳನ್ನು ‘ತಿದ್ದಿ’ ಬರೆದಿದ್ದರೆ ಸಂಶಯಕ್ಕೆ ಎಡೆಯುಂಟು. ನಾಣ್ಯದಲ್ಲಿ ‘ಟಿಪ್ಪು ಸುಲ್ತಾನ್’ ಎಂದು ಹೆಸರು ಕಂಡರಂತೂ ದೂರವಿಡಬೇಕು. ಅವನು ತನ್ನ ಹೆಸರನ್ನು ನಾಣ್ಯಗಳಲ್ಲಿ ಹಾಕಿಸಲಿಲ್ಲ.

ಮುಂದಿನದು ತೂಕ. ಟಿಪ್ಪುವಿನ ರೂಪಾಯಿ ಸುಮಾರು 11.4 ಗ್ರಾಂ, ಹೈದರಿ ಸುಮಾರು 23 ಗ್ರಾಂ ತೂಗುತ್ತವೆ. ಸವೆತದಿಂದ ತೂಕ ಸ್ವಲ್ಪ ಇಳಿಯಬಹುದಲ್ಲದೆ ಏರಲಾರದು. ಲೋಹವನ್ನು ತಿಳಿಯಲು ಅಕ್ಕಸಾಲೆಯ ಒರೆಗಲ್ಲಿಗೆ ಉಜ್ಜಿಸುವುದು ನಾಣ್ಯಕ್ಕೆ ಗಾಯ ಮಾಡಿದಂತೆ. ಅದಕ್ಕಿಂತ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆ ಮೇಲು. ನಾಣ್ಯವನ್ನು ಗಾಳಿಯಲ್ಲಿ ತೂಗಿ, ಅನಂತರ ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗಬೇಕು. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಾದ ನಷ್ಟದಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. ಶುದ್ಧ ಬೆಳ್ಳಿಗೆ ಅದು 10.5, ತಾಮ್ರಕ್ಕೆ 8.9, ಚಿನ್ನಕ್ಕೆ 19.3. ರೂಪಾಯಿಯೊಂದು 11.4 ಗ್ರಾಂ ತೂಗಿ ನೀರಿನಲ್ಲಿ 1.1 ಗ್ರಾಂ ಕಳೆದುಕೊಂಡರೆ ಬೆಳ್ಳಿಗೆ ಒಪ್ಪುತ್ತದೆ, 1.3 ಗ್ರಾಂ ಕಳೆದುಕೊಂಡರೆ ಅದು ಬೆಳ್ಳಿಯ ಮೆರುಗು ಕೊಟ್ಟ ಬೇರೆ ಲೋಹ. ಲೋಹ ಸರಿಯಾದ ಮಾತ್ರಕ್ಕೆ ನಾಣ್ಯ ಸರಿಯೆಂದು ಹೇಳುವಂತಿಲ್ಲ. ನಿಜವಾದ ಬೆಳ್ಳಿಯಲ್ಲಿ ನಕಲು ಮಾಡುವುದನ್ನು ಯಾರು ತಡೆದಾರು?

ಆದುದರಿಂದ ತಯಾರಿಕೆಯ ಗುರುತನ್ನು ನೋಡಬೇಕು. ಅಂದಿನ ನಾಣ್ಯವು ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದುದು; ನಕಲಿಗಳಲ್ಲಿ ಹಲವು ಎರಕ ಹೊಯ್ದುವು. ಎರಕದ ನಾಣ್ಯದ ಅಕ್ಷರಗಳ ಅಂಚು ಮಬ್ಬಾಗಿ, ಮೈಮೇಲೆ ಸಣ್ಣ ಗುಳಿಗಳು, ಸುತ್ತಂಚಿನಲ್ಲಿ ಕೂಡಿಸಿದ ಗೆರೆ ಭೂತಗನ್ನಡಿಯಲ್ಲಿ ಕಾಣುತ್ತವೆ. ಕೈಯಿಂದ ಹೊಡೆದ ಎರಡು ನಾಣ್ಯಗಳು ಎಂದಿಗೂ ಪೂರ್ತಿಯಾಗಿ ಒಂದೇ ತೆರನಾಗಿರಲಾರವು: ಒಂದೇ ಅಚ್ಚಿನವಾದರೂ ಏಟು ಬಿದ್ದ ಜಾಗ, ಅಂಚಿನ ಬಿರುಕು ಬೇರೆಯಾಗಿರುತ್ತವೆ. ಬಿರುಕು ಕೂಡ ಅದೇ ಜಾಗದಲ್ಲಿರುವ ಎರಡು ನಾಣ್ಯಗಳು ಸಿಕ್ಕಿದರೆ, ಒಂದಾದರೂ ನಕಲಿ, ಬಹುಶಃ ಎರಡೂ.

ಮಳವಳ್ಳಿಗೆ ಸಮೀಪದ ತಲಕಾಡಿನ ಹೆಸರನ್ನು ಹೊತ್ತ ಚಿನ್ನದ ನಾಣ್ಯವೊಂದಿದೆ. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದುದರ ನೆನಪಿಗೆ ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂದು ಹಳಗನ್ನಡ ಲಿಪಿಯಲ್ಲಿ ಬರೆಯಿಸಿದ್ದಾನೆ. ‘ನೊಣಂಬವಾಡಿಗೊಂಡ’ ಎಂಬುದು ಅದರ ಜೊತೆಯದು. ಅದರ ಪರೀಕ್ಷೆಗೆ ಲಿಪಿಶಾಸ್ತ್ರ ಬಲ್ಲವರ ಕಣ್ಣು ಬೇಕು. ಹನ್ನೆರಡನೆಯ ಶತಮಾನದ ‘ಳ’ಕಾರ, ‘ಡ’ಕಾರಗಳನ್ನು ಇಂದಿನ ಪುಸ್ತಕದಿಂದ ನಕಲು ಮಾಡಿದವನು ಬೇಗ ಸಿಕ್ಕಿಬೀಳುತ್ತಾನೆ. ರಾಮಪಟ್ಟಾಭಿಷೇಕದ ಚಿತ್ರದೊಡನೆ 1818ರ ಈಸ್ಟ್ ಇಂಡಿಯಾ ಕಂಪನಿಯ ಅರ್ಧಾಣೆ ಎಂದು ಮಾರುವ ಬಿಲ್ಲೆಗಳಿಗೆ ಇಷ್ಟು ಶ್ರಮವೂ ಬೇಡ. ಕಂಪನಿಯು ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಇವೇ ಬಿಲ್ಲೆಗಳು ಅಕ್ಕಿಯ ಕಾಳನ್ನು ಸೆಳೆಯುತ್ತವೆಂದು, ‘ರೈಸ್ ಪುಲ್ಲಿಂಗ್’ ಎಂಬ ಹೆಸರಿನಲ್ಲಿ, ಕೋಟಿಗಳ ಆಸೆ ತೋರಿಸಿ ಪರೀಕ್ಷಾಶುಲ್ಕವೆಂದು ಲಕ್ಷಗಳನ್ನು ಕೀಳುವ ಮೋಸ ದಕ್ಷಿಣದ ರಾಜ್ಯಗಳಲ್ಲೆಲ್ಲ ನಡೆದಿದೆ. ತಾಮ್ರವು ಅಕ್ಕಿಯನ್ನು ಸೆಳೆಯದು. ವಿಜ್ಞಾನದ ವಿದ್ಯಾರ್ಥಿಗಳೂ ಇದನ್ನು ನಂಬುತ್ತಾರೆಂಬುದು ಖೇದಕರ.

ಮಾರುವವನು ಮೊದಲು ಕೇಳಿಕೊಳ್ಳಬೇಕಾದುದು ನಾಣ್ಯವು ತನ್ನದೇ ಎಂಬುದನ್ನು. ನೆಲದಲ್ಲಿ ಹುದುಗಿದ್ದು ಸಿಕ್ಕಿದ್ದು ಕಾನೂನಿನಲ್ಲಿ ನಿಧಿ. ಅದನ್ನು ಅಧಿಕಾರಿಗಳಿಗೆ ತಿಳಿಸದೆ ಮಾರುವುದು ಅಪರಾಧ. ಇದಕ್ಕೆ 1878ರ ಭಾರತದ ಶಾಸನವಲ್ಲದೆ ನಮ್ಮ ರಾಜ್ಯದ 1962ರ ಶಾಸನವೂ ಇದೆ. 1878ರ ಶಾಸನದಲ್ಲಿ ಸರ್ಕಾರವು ನಿಧಿಯನ್ನು ತೆಗೆದುಕೊಂಡರೆ ಲೋಹದ ಬೆಲೆಯನ್ನೂ ಅದರ ಐದನೆಯ ಒಂದು ಭಾಗವನ್ನೂ ಕೊಡತಕ್ಕದ್ದೆಂದಿತ್ತು. ತಾಮ್ರದ ಕಾಸಿಗೆ ತಾಮ್ರದ ಬೆಲೆ! ಜನರು ನಿಧಿಯನ್ನು ಮುಚ್ಚಿಡುವುದಕ್ಕೂ ಕರಗಿಸುವುದಕ್ಕೂ ಈ ಜಿಪುಣತನವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಮನೆತನದಿಂದ ಬಂದ ನಾಣ್ಯವನ್ನು ದೇಶದೊಳಗೆ ಮಾರಲು ಅಡ್ಡಿಯಿಲ್ಲ. ಆದರೆ ನೂರು ವರ್ಷ ಮೀರಿದುದನ್ನು 1972ರ ಪ್ರಾಚ್ಯವಸ್ತು ಶಾಸನದ ಪ್ರಕಾರ ವಿದೇಶಕ್ಕೆ ಕಳುಹಿಸಕೂಡದು, ಅದರ ವ್ಯಾಪಾರವನ್ನೇ ವೃತ್ತಿಯಾಗಿ ನಡೆಸುವವನಿಗೆ ಪರವಾನಗಿಯೂ ಬೇಕು. ಕೊಳ್ಳುವವನ ಪರವಾನಗಿಯನ್ನು ಕೇಳಿ ನೋಡುವುದು ಮಾರುವವನ ಹಕ್ಕು.

ನಾಣ್ಯವನ್ನು ಕೊಳ್ಳುವೆನೆಂದವನು ಮಾರುವವನಿಂದಲೇ ನೋಂದಣಿ, ತೆರಿಗೆ, ಕಮಿಷನ್ ಎಂದು ಮುಂಗಡ ಬೇಡಿದರೆ ವ್ಯವಹಾರ ಅಲ್ಲಿಗೇ ನಿಲ್ಲತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ತನ್ನ ಹೆಸರನ್ನು ಬಳಸಿ ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ಕೇಳುವವರ ವಿಷಯದಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ತಾನು ಅಂಥ ವ್ಯವಹಾರ ನಡೆಸುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಹರಾಜು ಸಂಸ್ಥೆಗಳು ತಮ್ಮ ಪಾಲನ್ನು ಬಂದ ಬೆಲೆಯಿಂದ ಹಿಡಿದುಕೊಳ್ಳುತ್ತವೆ. ಒಬ್ಬನ ಮಾತಿಗೆ ಒಪ್ಪದೆ ಎರಡು ಮೂರು ಕಡೆ ಬೆಲೆ ಕೇಳುವುದೂ, ಅದೇ ಟಂಕಸಾಲೆಯ ಅದೇ ವರ್ಷದ ನಾಣ್ಯ ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆಯೆಂದು ನೋಡುವುದೂ ಮೇಲು. ಹುಣಸೆಹುಳಿಯಿಂದ ಬೆಳಗಿ ತಂದ ಕಾಸಿಗೆ ಬೆಲೆ ಕುಗ್ಗುವುದು. ಕಿಲುಬು ಹೋದಲ್ಲಿ ಅಕ್ಷರವೂ ಹೋಗಿರುತ್ತದೆ.

ಅಧ್ಯಾಪಕರಲ್ಲಿ ನಮ್ಮದೊಂದು ಬಿನ್ನಹವಿದೆ. ನಾಣ್ಯ ಮಾರಾಟವಾಗುವ ಮುನ್ನ ಅದರ ಎರಡೂ ಬದಿಯ ಛಾಯಾಚಿತ್ರ, ತೂಕ, ವ್ಯಾಸ, ಸಿಕ್ಕಿದ ಊರು, ಜೊತೆಯಲ್ಲಿದ್ದ ಬೇರೆ ನಾಣ್ಯಗಳು, ಇವನ್ನು ಕಾಲೇಜಿನ ಪುಸ್ತಕವೊಂದರಲ್ಲಿ ಬರೆದಿಡಿರಿ. ಮದ್ದೂರಿನ ಹೊಲದಲ್ಲಿ ಸಿಕ್ಕಿದ ಚಿತ್ರದುರ್ಗದ ಪೈಸೆ ಬೆಂಗಳೂರಿನ ಸಂಗ್ರಹಕಾರನ ಪೆಟ್ಟಿಗೆಗೆ ಹೋದ ಮೇಲೆ ಬರಿಯ ಚಿತ್ರದುರ್ಗದ ಪೈಸೆಯಾಗಿ ಉಳಿಯುತ್ತದೆ. ಅದು ಶಿಂಷಾ ನದಿಯ ದಡದವರೆಗೆ ಕೈಯಿಂದ ಕೈಗೆ ಬಂದಿತ್ತೆಂಬುದಕ್ಕೆ ಆ ಪುಸ್ತಕವಲ್ಲದೆ ಬೇರೆ ಸಾಕ್ಷಿಯಿರದು.