ಪಡಸಾಲಿಯಲ್ಲಿ ತಪ್ಪಲ, ಮಾಳಿಗೆಯ ಮೇಲೆ ಗಡ್ಡಿ

ಜಂತಿಗೆ ಜೋತುಬಿಟ್ಟ ಬಳ್ಳೊಳ್ಳಿ ಗೊಂಚಲು ಬೇಸಿಗೆ ಪೂರ್ತಿ ಸುಮ್ಮನಿರುತ್ತದೆ. ಮಳೆಗಾಲ ಸರಿಯುವ ಹೊತ್ತಿಗೆ ಎಸಳುಗಳ ತುದಿ ಸೀಳಿ ಹಸಿರು ಮೊಳಕೆ ಹಣಿಕಿಕ್ಕುತ್ತದೆ. ಮಣ್ಣು ಸೋಕಿಲ್ಲ, ನೀರು ಹನಿಸಿಲ್ಲ. ಅದೇ ಗಡ್ಡಿಯನ್ನು ಫ್ರಿಜ್ಜಿನೊಳಗೆ ಇಟ್ಟಿದ್ದರೆ ಮೊಳಕೆ ಇನ್ನೂ ಬೇಗ ಬರುತ್ತಿತ್ತು. ತಂಪಿನಲ್ಲಿಟ್ಟ ವಸ್ತು ಬಹಳ ದಿನ ಬಾಳುತ್ತದೆ ಎಂಬ ನಮ್ಮ ಎಣಿಕೆ ಬಳ್ಳೊಳ್ಳಿಯ ಮಟ್ಟಿಗೆ ತಿರುಗುಮುರುಗು. 25ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಒಣ ಗಾಳಿಯಲ್ಲಿ ಅದರ ನಿದ್ದೆ ಮುಂದುವರಿಯುತ್ತದೆ, 5ರಿಂದ 10 ಡಿಗ್ರಿಯ ತಂಪು ತಗುಲಿದರೆ ಎಚ್ಚರವಾಗುತ್ತದೆ. ಅಡುಗೆಮನೆಯ ಜಂತಿಯನ್ನು ಆರಿಸಿಕೊಂಡ ಹಿರಿಯರಿಗೆ ಥರ್ಮಾಮೀಟರ್ ಬೇಕಾಗಿರಲಿಲ್ಲ.

2024ರಲ್ಲಿ ಬಳ್ಳೊಳ್ಳಿಯ ಚಿಲ್ಲರೆ ದರ ಕಿಲೋಗೆ 400 ರೂಪಾಯಿ ಮುಟ್ಟಿದಾಗ, ಮನೆಯಲ್ಲೇ ಡಬ್ಬಿಯಲ್ಲಿ ನಾಲ್ಕು ಎಸಳು ಊರಿದರೆ ಹೇಗೆ ಎಂಬ ಯೋಚನೆ ಬಹಳ ಮಂದಿಗೆ ಬಂತು. ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಊರನ್ನೇ ತೆಗೆದುಕೊಳ್ಳೋಣ. ಸುತ್ತ ಎರಿ ಭೂಮಿ, ಸನಿಹದಲ್ಲಿ ಆಲಮಟ್ಟಿಯ ಹಿನ್ನೀರು. ಇಲ್ಲಿನ ರೈತರಿಗೆ ಉಳ್ಳಾಗಡ್ಡಿ ಹೊಸದಲ್ಲ. ಬಳ್ಳೊಳ್ಳಿ ಅದರದೇ ಕುಲದ ಗಿಡ, ಆದರೆ ಸ್ವಭಾವ ಬೇರೆ. ಉಳ್ಳಾಗಡ್ಡಿಗೆ ಬೀಜವಿದೆ. ಬಳ್ಳೊಳ್ಳಿ ಫಲವತ್ತಾದ ಬೀಜ ಕಟ್ಟುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದೆ, ಎಸಳಿನಿಂದ ಎಸಳಿಗೆ ಅದರ ವಂಶ ಸಾಗಬೇಕು.

ಒಂದು ಎಸಳನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗಿನ ಕಾಗದದಂಥ ಸಿಪ್ಪೆ ಒಂದು ಎಲೆ. ಒಳಗಿನ ದಪ್ಪ ಬಿಳಿ ತಿರುಳೂ ಒಂದು ಎಲೆಯೇ, ಆಹಾರ ತುಂಬಿಕೊಂಡು ಊದಿದ ಎಲೆ. ಅದರ ನಡುವೆ ತಿಳಿಹಳದಿ ಇಲ್ಲವೆ ಹಸಿರು ಬಣ್ಣದ ಕುಡಿ ಮಲಗಿರುತ್ತದೆ. ಬುಡದಲ್ಲಿ ಗಟ್ಟಿ ಬಿಲ್ಲೆಯಿದೆ, ಬೇರು ಹೊರಡುವುದು ಅಲ್ಲಿಂದ. ನೆಡುವಾಗ ಆ ಬಿಲ್ಲೆ ಕೆಳಗೆ, ಚೂಪು ತುದಿ ಮೇಲೆ ಇರಬೇಕು. ಬಿಲ್ಲೆ ಮುರಿದ ಎಸಳು ಒಗ್ಗರಣೆಗೆ ಸೈ, ನೆಡಲು ಬೇಡ.

ಹೀಗಾಗಿ ಮೊದಲ ಕೆಲವು ವಾರ ಗಿಡ ಬದುಕುವುದು ತಿರುಳಿನ ಗಂಟಿನ ಮೇಲೆ. ಮಂದ ಬೆಳಕಿನ ಪಡಸಾಲಿಯಲ್ಲಿಟ್ಟರೂ ಒಂದು ಗೇಣು ತಪ್ಪಲು ಬಂದೇ ಬರುತ್ತದೆ. ಇದನ್ನು ನೋಡಿ ಜನ ಗೆದ್ದೆವೆಂದು ಹಿಗ್ಗುತ್ತಾರೆ. ಗಂಟು ಕರಗಿದ ಮೇಲೆ ಗಿಡ ತನ್ನ ಎಲೆಯಿಂದಲೇ ದುಡಿಯಬೇಕು, ದುಡಿಮೆಗೆ ಬಿಸಿಲು ಬೇಕು. ಮಟಮಟ ಮಧ್ಯಾಹ್ನದ ಬಯಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ದಪ್ಪ ಗೋಡೆಯ, ಸಣ್ಣ ಕಿಟಕಿಯ ಹಳೇ ಮಾಳಿಗೆ ಮನೆಯೊಳಗೆ ಕೆಲವು ನೂರು ಲಕ್ಸ್ ಸಿಕ್ಕರೆ ಪುಣ್ಯ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ, ಆದ್ದರಿಂದ ಕೋಣೆ ನಮಗೆ ಬೆಳಕಾಗಿಯೇ ಕಾಣುತ್ತದೆ. ಎಲೆ ಹಾಗೆ ಮೋಸಹೋಗುವುದಿಲ್ಲ. ತೆಳ್ಳಗೆ ಉದ್ದವಾಗಿ ಬಾಗಿ ಬೀಳುತ್ತದೆ.

ಎಲ್ಇಡಿ ದೀಪ ಹಾಕಿದರಾಯಿತಲ್ಲ ಎನ್ನಬಹುದು. 20 ವ್ಯಾಟಿನ ದೀಪ ದಿನಕ್ಕೆ 12 ಗಂಟೆಯಂತೆ 120 ದಿನ ಉರಿದರೆ ಸುಮಾರು 29 ಯುನಿಟ್ ವಿದ್ಯುತ್ ಆಗುತ್ತದೆ. ಡಬ್ಬಿಯಲ್ಲಿ ಆರು ಗಡ್ಡಿ ಬಂದು, ಒಂದೊಂದೂ 25 ಗ್ರಾಂ ತೂಗಿತು ಎಂದುಕೊಂಡರೂ ಒಟ್ಟು 150 ಗ್ರಾಂ. ಪಕ್ಕದ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರವೇ ಇದ್ದರೂ ಈ ಬಾಬತ್ತು ಗಿಟ್ಟುವಂಥದ್ದಲ್ಲ.

ಬೆಳಕಿನ ಪ್ರಮಾಣ ಒಂದು ಮಾತಾದರೆ, ಹಗಲಿನ ಉದ್ದ ಇನ್ನೊಂದು. ಗಿಡಗಳು ಹಗಲಿರುಳಿನ ಉದ್ದವನ್ನು ಅಳೆದು ಋತು ತಿಳಿಯುತ್ತವೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತೋರಿಸಿಕೊಟ್ಟರು. ಬಳ್ಳೊಳ್ಳಿ ಚಳಿಯಲ್ಲಿ ಕೆಲವು ವಾರ ಕಳೆಯಬೇಕು, ಆಮೇಲೆ ಹಗಲು ಬೆಳೆಯುತ್ತಾ ಹೋಗಬೇಕು, ಸೆಕೆಯೂ ಏರಬೇಕು. ಆಗ ಮಾತ್ರ ಹೊಸ ಎಲೆ ಬಿಡುವುದನ್ನು ನಿಲ್ಲಿಸಿ, ಎಲೆಯ ಕಂಕುಳಲ್ಲಿ ಎಸಳು ಕಟ್ಟತೊಡಗುತ್ತದೆ. ಮಸೂತಿ ಇರುವ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಸಣ್ಣ ಹಗಲು 11 ಗಂಟೆಗೆ ತುಸು ಹೆಚ್ಚು, ಜೂನ್ ತಿಂಗಳ ಅತಿ ದೊಡ್ಡ ಹಗಲು 13 ಗಂಟೆಯ ಆಸುಪಾಸು. ವ್ಯತ್ಯಾಸ ಎರಡೇ ಗಂಟೆ. ಯುರೋಪಿನ ತಳಿಗಳಿಗೆ ಇದು ಏನೇನೂ ಸಾಲದು. ಉತ್ತರದ ಬೆಟ್ಟಗಳಿಗೆಂದು ಬಿಡುಗಡೆಯಾದ ‘ಅಗ್ರಿಫೌಂಡ್ ಪಾರ್ವತಿ’ ಕೂಡ ದೊಡ್ಡ ಹಗಲು ಬೇಡುವ ತಳಿ. ದಪ್ಪ ಎಸಳು ಕಂಡು ಆಸೆಯಿಂದ ಅದನ್ನು ಇಲ್ಲಿ ಊರಿದರೆ ಸೊಗಸಾದ ತಪ್ಪಲು ಬರುತ್ತದೆ, ಗಡ್ಡಿಯ ಭರವಸೆ ಇಲ್ಲ. ಬಯಲುಸೀಮೆಗೆ ‘ಯಮುನಾ ಸಫೇದ್’, ಪುಣೆ ಹತ್ತಿರದ ರಾಜಗುರುನಗರದ ಉಳ್ಳಾಗಡ್ಡಿ–ಬಳ್ಳೊಳ್ಳಿ ಸಂಶೋಧನಾ ಕೇಂದ್ರದ ‘ಭೀಮಾ ಓಂಕಾರ್’, ‘ಭೀಮಾ ಪರ್ಪಲ್’ ಇವೆ. ಗದಗ ಕಡೆಯ ಜವಾರಿ ಸಿಕ್ಕರೆ ನನ್ನ ಓಟು ಅದಕ್ಕೇ. ಎಸಳು ಸಣ್ಣದು, ಸುಲಿಯಲು ರೇಜಿಗೆ. ಖಾರ ಮಾತ್ರ ಅದರದೇ.

ವಿಜಯಪುರ ಜಿಲ್ಲೆಯ ಚಳಿ ಕೆಲವು ವರ್ಷ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಯಲಿನ ಗಿಡಕ್ಕೆ ಆ ಚಳಿ ಪುಕ್ಕಟೆ ದಕ್ಕುತ್ತದೆ, ಮನೆಯೊಳಗಿನ ಗಿಡಕ್ಕೆ ಗೋಡೆ ಅಡ್ಡ. ಅದಕ್ಕೇ ಒಳಗೆ ಬೆಳೆಯುವವರು ನೆಡುವ ಮೊದಲು ಗಡ್ಡಿಯನ್ನು ಎಸಳು ಬಿಡಿಸದೆ, ಕಾಗದದ ಚೀಲದಲ್ಲಿ ಸುತ್ತಿ ನಾಲ್ಕಾರು ವಾರ ಫ್ರಿಜ್ಜಿನ ಕೆಳಖಾನೆಯಲ್ಲಿ ಇಡುವುದುಂಟು. ಅತಿಯಾದರೆ ಗಿಡ ಅವಸರದಲ್ಲಿ ಸಣ್ಣ ಗಡ್ಡಿ ಕಟ್ಟುತ್ತದೆ, ಕೆಲವೊಮ್ಮೆ ಎಸಳಿನಿಂದಲೇ ಮರಿ ಚಿಗುರು ಹೊರಟು ಗಡ್ಡಿ ಒಡಕಲಾಗುತ್ತದೆ. ಇನ್ನೊಂದು ತೊಡಕೂ ಇದೆ. ಹೊಟ್ಟೆ ತುಂಬಿಸಲು ಸಾಲದ ಮಂದ ಬೆಳಕೇ ಹಗಲಿನ ಉದ್ದ ಅಳೆಯಲು ಎಲೆಗೆ ಸಾಕಾಗುತ್ತದೆ. ರಾತ್ರಿ ಹತ್ತರವರೆಗೆ ಬಲ್ಬ್ ಉರಿಯುವ ಕೋಣೆಯಲ್ಲಿ ಅದರ ಲೆಕ್ಕ ತಪ್ಪಬಹುದು.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲದಲ್ಲಿ ಬಂಗಾರದಂಥ ಎರಿ ಮಣ್ಣು ಡಬ್ಬಿಯಲ್ಲಿ ಶತ್ರು. ಅದರ ಸೂಕ್ಷ್ಮ ಜಿಗುಟು ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಹೊಲದಲ್ಲಿ ಮಣ್ಣಿನ ಆಳ ಹೆಚ್ಚು, ಮೇಲಿನ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತದೆ. ಗೇಣುದ್ದದ ಡಬ್ಬಿಯಲ್ಲಿ ಎಳೆದುಕೊಳ್ಳಲು ಕೆಳಗೆ ಮಣ್ಣೇ ಇಲ್ಲ. ತೂತಿದ್ದರೂ ತಳದಲ್ಲಿ ಒಂದಷ್ಟು ಎತ್ತರದ ಪದರ ನೀರಿನಿಂದ ತೊಯ್ದು ಹಾಗೇ ನಿಲ್ಲುತ್ತದೆ, ಕಣ ಸಣ್ಣದಾದಷ್ಟೂ ಆ ಪದರ ಎತ್ತರ. ಬಹುಪಾಲು ಮಂದಿ ನೀರು ಬಸಿಯಲೆಂದು ತಳಕ್ಕೆ ಕಲ್ಲುಹರಳು ಹಾಸುತ್ತಾರೆ. ಇದರಿಂದ ಲುಕ್ಸಾನೇ ಹೆಚ್ಚು. ಸಣ್ಣ ಕಣದ ಮಣ್ಣು ತನ್ನ ನೀರನ್ನು ದಪ್ಪ ಹರಳಿನ ಸಂದಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತೊಯ್ದ ಪದರ ಹರಳಿನ ಮೇಲೆ ಕೂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಎಸಳು ಕೊಳೆಯುತ್ತದೆ. ಕಲ್ಲು ಬಿಟ್ಟು ಇಡೀ ಮಣ್ಣನ್ನೇ ಸಡಿಲ ಮಾಡುವುದು ಸರಿ. ಮಸಾರಿ ಮಣ್ಣು, ದಪ್ಪ ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು ಇರಲಿ. ಡಬ್ಬಿ 20 ಸೆಂಟಿಮೀಟರ್ ಆಳವಿದ್ದರೆ ಸಾಕು. ಎಸಳಿನಿಂದ ಎಸಳಿಗೆ ನಾಲ್ಕು ಬೆರಳು ಅಂತರ, ಮೇಲೆ ಒಂದೆರಡು ಬೆರಳು ಮಣ್ಣು.

ಬಳ್ಳೊಳ್ಳಿ ಗಿಡ ಮನೆಯಲ್ಲಿದ್ದರೆ ಸೊಳ್ಳೆ ಬರುವುದಿಲ್ಲ ಎಂಬ ನಂಬಿಕೆಗೆ ಹೆಚ್ಚು ಆಧಾರವಿಲ್ಲ. ಕೆಡದೆ ನಿಂತ ಎಲೆಗೆ ಆ ಘಾಟು ಇರುವುದೇ ಇಲ್ಲ. ಜೀವಕೋಶದ ಒಂದು ಭಾಗದಲ್ಲಿ ಆಲಿಯಿನ್ ಎಂಬ ಗಂಧಕಯುಕ್ತ ವಸ್ತು, ಇನ್ನೊಂದು ಭಾಗದಲ್ಲಿ ಆಲಿಯಿನೇಸ್ ಎಂಬ ಕಿಣ್ವ ಬೇರೆಬೇರೆಯಾಗಿ ಇರುತ್ತವೆ. ಜಜ್ಜಿದಾಗ, ಕಡಿದಾಗ, ಹುಳ ಕಚ್ಚಿದಾಗ ಎರಡೂ ಕೂಡಿ ಕ್ಷಣಾರ್ಧದಲ್ಲಿ ಆಲಿಸಿನ್ ಹುಟ್ಟುತ್ತದೆ. ಅದನ್ನು ಕ್ಯಾವಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು 1944ರಲ್ಲಿ ಬೇರ್ಪಡಿಸಿ ಹೆಸರಿಟ್ಟರು. ಕಾದ ಎಣ್ಣೆಗೆ ಇಡೀ ಎಸಳು ಹಾಕಿದರೆ ಕಿಣ್ವ ಮೊದಲೇ ಸತ್ತು ರುಚಿ ಸೌಮ್ಯವಾಗುತ್ತದೆ. ಶೇಂಗಾ ಹಿಂಡಿಗೆ ಒರಳಿನಲ್ಲಿ ಹಸಿಯಾಗಿಯೇ ಕುಟ್ಟಿದರೆ ಮೂಗಿಗೆ ಏರುತ್ತದೆ.

ನನ್ನ ಮಾತು ಕೇಳುವುದಾದರೆ ಎರಡು ಡಬ್ಬಿ ಮಾಡಿ. ಅಡುಗೆಮನೆಯ ಕಿಟಕಿಯಲ್ಲೊಂದು, ಅದು ತಪ್ಪಲಿಗೆ. ಒತ್ತೊತ್ತಾಗಿ ಊರಿ, ಗೇಣುದ್ದ ಬಂದಾಗ ಕತ್ತರಿಸಿ, ರೊಟ್ಟಿಯ ಜೊತೆ ತಿನ್ನಿ. ಎರಡು ಮೂರು ಸಲ ಕತ್ತರಿಸಿದ ಮೇಲೆ ಎಸಳು ಬರಿದಾಗಿರುತ್ತದೆ, ಬೇರೆ ಹಾಕಿ. ಇನ್ನೊಂದು ಡಬ್ಬಿ ಮಾಳಿಗೆಯ ಮೇಲೆ ಬಯಲು ಬಿಸಿಲಿಗೆ. ಅದರ ಒಂದು ಎಲೆಯನ್ನೂ ಮುಟ್ಟಬಾರದು, ಪ್ರತಿ ಎಲೆಯೂ ಗಡ್ಡಿಯ ಅನ್ನ. ಶೀಗಿ ಹುಣ್ಣಿಮೆಯ ಸುತ್ತ ಊರಿದರೆ, ಕಿಟಕಿಯ ತಪ್ಪಲು ಎಳ್ಳಮಾಸಿಯ ಚರಗದ ಬುತ್ತಿಗೂ ಒದಗುತ್ತದೆ, ಮಾಳಿಗೆಯ ಗಡ್ಡಿ ಶಿವರಾತ್ರಿ, ಹೋಳಿಯ ಹೊತ್ತಿಗೆ ಬಲಿಯುತ್ತದೆ. ಎಲೆ ಅರ್ಧ ಹಳದಿಯಾದಾಗ ನೀರು ನಿಲ್ಲಿಸಿ, ತಪ್ಪಲು ಸಮೇತ ಕಿತ್ತು ನೆರಳಲ್ಲಿ ಒಣಗಿಸಿ.

ಕೆಲವು ಗಿಡ ಎಸಳು ಬೇರ್ಪಡದೆ ಗೋಲಿಯಂಥ ಒಂದೇ ಗುಂಡು ಕಟ್ಟಿರುತ್ತವೆ. ಚಳಿಯೋ ಹಗಲೋ ಸಾಲದಾಗ, ಇಲ್ಲವೆ ನೆಟ್ಟ ಎಸಳು ತೀರಾ ಸಣ್ಣದಾಗಿದ್ದಾಗ ಹೀಗಾಗುತ್ತದೆ. ಪೇಟೆಯಲ್ಲಿ ಇಂಥ ಒಂಟಿ ಎಸಳಿನ ಬಳ್ಳೊಳ್ಳಿಗೆ ಔಷಧಿಯ ಹೆಸರಿನಲ್ಲಿ ದುಬಾರಿ ಬೆಲೆ. ತಿನ್ನದೆ ಎತ್ತಿಟ್ಟು ಮುಂದಿನ ಶೀಗಿಗೆ ಮಾಳಿಗೆಯ ಡಬ್ಬಿಯಲ್ಲಿ ಊರಿ. ಅಷ್ಟು ದೊಡ್ಡ ಗಂಟಿನಿಂದ ಹೊರಟ ಗಿಡ ಸಾಮಾನ್ಯವಾಗಿ ಎಸಳೆಸಳಾಗಿ ಪೂರ್ತಿ ಗಡ್ಡಿ ಕಟ್ಟುತ್ತದೆ.